ಪ್ರಾಥಮಿಕ ಶಾಲಾ ಮಕ್ಕಳಲ್ಲಿ ಕಲಾ ಕೌಶಲ: ಮಿಶ್ರ ಮಾಧ್ಯಮದಲ್ಲಿ ಹೂವಿನ ಚಿತ್ರ ರಚನೆ

(ಶಿಕ್ಷಕರು, ಪೋಷಕರು ಹಾಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಮಾಹಿತಿಗಾಗಿ)

ಪೀಠಿಕೆ

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಹೂವಿನ ಚಿತ್ರ ಬರೆಯಲು ತಿಳಿಸಿದಾಗ ಬಹುತೇಕ ಹಾಳೆಗಳಲ್ಲಿ ಒಂದೇ ಬಗೆಯ ಚಿತ್ರ ಮೂಡುವುದು ಸಾಮಾನ್ಯ ಅನುಭವ. ನಡುವೆ ಒಂದು ವೃತ್ತ, ಸುತ್ತಲೂ ಐದು ದುಂಡು ಎಸಳು, ಕೆಳಗೆ ನೇರವಾದ ಕಾಂಡ, ಇಕ್ಕೆಲಗಳಲ್ಲಿ ಎರಡು ಎಲೆ. ಶಾಲೆಯ ಅಂಗಳದಲ್ಲಿ ದಾಸವಾಳ, ಶಂಖಪುಷ್ಪ, ಚೆಂಡುಹೂವು, ಕನಕಾಂಬರ ಮುಂತಾದವು ಅರಳಿದ್ದರೂ ಹಾಳೆಯ ಮೇಲಿನ ಹೂವು ಇವುಗಳಲ್ಲಿ ಯಾವುದೂ ಆಗಿರುವುದಿಲ್ಲ. ಅದು ಕಪ್ಪುಹಲಗೆಯಿಂದ ಪುಸ್ತಕಕ್ಕೆ, ಪುಸ್ತಕದಿಂದ ಮತ್ತೊಂದು ಪುಸ್ತಕಕ್ಕೆ ನಕಲಾಗುತ್ತಾ ಬಂದ ಹೂವಾಗಿರುತ್ತದೆ.

ಇಂತಹ ಚಿತ್ರವನ್ನು ಬರೆದ ಮಗುವು ತಪ್ಪು ಮಾಡಿದೆಯೆಂದು ಭಾವಿಸಬೇಕಾಗಿಲ್ಲ. ಆದರೆ ಸದರಿ ಮಗುವಿಗೆ ಹೂವನ್ನು ನೋಡುವ ಅವಕಾಶ ಒದಗಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹೂವನ್ನು ಕೈಯಲ್ಲಿ ಹಿಡಿದು ನೋಡಿ, ಪೆನ್ಸಿಲ್, ಮೇಣದ ಬಣ್ಣ, ನೀರುಬಣ್ಣ ಹಾಗೂ ಕಾಗದದ ಚೂರುಗಳನ್ನು ಒಂದೇ ಚಿತ್ರದಲ್ಲಿ ಕ್ರಮವಾಗಿ ಬಳಸುವ ವಿಧಾನವನ್ನು ಮಿಶ್ರ ಮಾಧ್ಯಮದ ಚಿತ್ರ ರಚನೆ ಎಂದು ಕರೆಯಲಾಗುತ್ತದೆ. ಚಿತ್ರಕಲೆಯಲ್ಲಿ ತರಬೇತಿ ಹೊಂದಿಲ್ಲದ ತರಗತಿ ಶಿಕ್ಷಕರೂ ಕಡಿಮೆ ವೆಚ್ಚದಲ್ಲಿ ಇದನ್ನು ಹೇಗೆ ಕೈಗೊಳ್ಳಬಹುದೆಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಈ ಚಟುವಟಿಕೆಯ ಅಗತ್ಯ

ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005, ಕಲಾ ಶಿಕ್ಷಣವನ್ನು 10ನೇ ತರಗತಿಯವರೆಗೆ ಕಡ್ಡಾಯ ವಿಷಯವಾಗಿ ಪರಿಗಣಿಸಬೇಕೆಂದು ಶಿಫಾರಸು ಮಾಡಿತು. ರಾಷ್ಟ್ರೀಯ ಶಿಕ್ಷಣ ನೀತಿ 2020 ಹಾಗೂ ಅದನ್ನು ಆಧರಿಸಿದ 2023ರ ಶಾಲಾ ಶಿಕ್ಷಣದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲಿಯೂ ಕಲೆಗೆ ಇತರ ವಿಷಯಗಳೊಂದಿಗೆ ಸ್ಥಾನ ನೀಡಲಾಗಿದೆ. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯಂತೆ, 6ರಿಂದ 8ನೇ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳು ದಾಖಲಾಗಿರುವ ಶಾಲೆಗೆ ಕಲಾ ಶಿಕ್ಷಣಕ್ಕಾಗಿ ಅರೆಕಾಲಿಕ ಬೋಧಕರು ಇರತಕ್ಕದ್ದು. 1ರಿಂದ 5ನೇ ತರಗತಿಗಳಿಗೆ ಅನುಸೂಚಿಯಲ್ಲಿ ಇಂತಹ ಪ್ರತ್ಯೇಕ ಬೋಧಕರ ಉಲ್ಲೇಖವಿರುವುದಿಲ್ಲ. ಆದುದರಿಂದ ಕಿರಿಯ ತರಗತಿಗಳಲ್ಲಿ ಗಣಿತ, ಭಾಷೆ ಹಾಗೂ ಪರಿಸರ ಅಧ್ಯಯನವನ್ನು ಬೋಧಿಸುವ ಶಿಕ್ಷಕರೇ ಚಿತ್ರಕಲೆಯನ್ನೂ ನಿರ್ವಹಿಸಬೇಕಾಗುತ್ತದೆ.

ಇಲ್ಲಿ ವಯಸ್ಸಿನ ಅಂಶವು ಮುಖ್ಯವಾದುದು. ಕಲಾ ಶಿಕ್ಷಣ ತಜ್ಞ ವಿಕ್ಟರ್ ಲೊವೆನ್‌ಫೆಲ್ಡ್ ಅವರು 1947ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಮಕ್ಕಳ ಚಿತ್ರಗಳನ್ನು ವಯಸ್ಸಿಗೆ ಅನುಗುಣವಾಗಿ ಹಂತಗಳಾಗಿ ವಿಂಗಡಿಸಿದ್ದಾರೆ. ಅದರಂತೆ ಸುಮಾರು 7ರಿಂದ 9 ವರ್ಷದ ಮಗುವು ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಒಂದು ಸ್ಥಿರ ಗುರುತನ್ನು ರೂಢಿಸಿಕೊಂಡಿರುತ್ತದೆ. ಸುಮಾರು 9ರಿಂದ 11 ವರ್ಷದ ಅವಧಿಯಲ್ಲಿ, ಅಂದರೆ ಬಹುತೇಕ 4ರಿಂದ 6ನೇ ತರಗತಿಯ ಅವಧಿಯಲ್ಲಿ, ತನ್ನ ಚಿತ್ರವು ನಿಜವಾದ ವಸ್ತುವನ್ನು ಹೋಲಬೇಕೆಂಬ ಅಪೇಕ್ಷೆ ಮಗುವಿನಲ್ಲಿ ಮೂಡುತ್ತದೆ. ಅಪೇಕ್ಷೆ ಬೆಳೆದಂತೆ ಕೌಶಲವೂ ಬೆಳೆಯದಿದ್ದಲ್ಲಿ ಮಗುವು ತನ್ನ ಚಿತ್ರವನ್ನು ತಾನೇ ಇಷ್ಟಪಡುವುದಿಲ್ಲ. “ನನಗೆ ಚಿತ್ರ ಬರುವುದಿಲ್ಲ” ಎಂಬ ಮಾತು ಹೆಚ್ಚಾಗಿ ಕೇಳಿಬರುವುದು ಈ ಅವಧಿಯಲ್ಲಿಯೇ. ಅಂದು ಕೈಬಿಟ್ಟ ಕುಂಚವನ್ನು ಅನೇಕರು ಜೀವನದಲ್ಲಿ ಮತ್ತೆ ಹಿಡಿಯುವುದಿಲ್ಲ. ಆದಕಾರಣ ನೋಡಿ ಬರೆಯುವ ಅಭ್ಯಾಸವನ್ನು ಈ ಅವಧಿಗೆ ಮುನ್ನವೇ ಆರಂಭಿಸಿ, ಈ ಅವಧಿಯಲ್ಲಿ ನಿಲ್ಲಿಸದೆ ಮುಂದುವರಿಸುವುದು ಅವಶ್ಯಕವಾಗಿದೆ.

ಹೂವನ್ನೇ ಆರಿಸಿಕೊಳ್ಳಲು ಕಾರಣಗಳು

1. ಹೂವು ಎಲ್ಲ ಊರುಗಳಲ್ಲಿಯೂ ಖರ್ಚಿಲ್ಲದೆ ದೊರೆಯುತ್ತದೆ.

2. ಒಂದೇ ಗಿಡದ ಎರಡು ಹೂವುಗಳು ಸಹ ಒಂದೇ ರೀತಿ ಇರುವುದಿಲ್ಲ. ಆದುದರಿಂದ ಪಕ್ಕದ ಮಗುವಿನ ಚಿತ್ರವನ್ನು ನಕಲು ಮಾಡುವ ಅಗತ್ಯ ತಾನಾಗಿಯೇ ಕಡಿಮೆಯಾಗುತ್ತದೆ.

3. ಮನುಷ್ಯರ ಮುಖದ ಚಿತ್ರದಲ್ಲಿ ಅಳತೆ ಸ್ವಲ್ಪ ತಪ್ಪಿದರೂ ಎದ್ದು ಕಾಣುತ್ತದೆ. ಹೂವಿನ ಎಸಳು ಸ್ವಲ್ಪ ಉದ್ದವಾದರೂ, ಗಿಡ್ಡವಾದರೂ ಅದು ಹೂವಾಗಿಯೇ ಉಳಿಯುತ್ತದೆ. ಅಂಜಿಕೆಯುಳ್ಳ ಮಗುವಿಗೆ ಇದರಿಂದ ಧೈರ್ಯ ಬರುತ್ತದೆ.

4. ಎಸಳಿನ ನುಣುಪು, ನರಗಳ ಗೆರೆ, ಪರಾಗದ ಪುಡಿ, ಎಲೆಯ ಒರಟುತನ ಇವುಗಳಲ್ಲಿ ಒಂದೊಂದನ್ನು ತೋರಿಸಲು ಒಂದೊಂದು ಸಾಮಗ್ರಿ ಅನುಕೂಲಕರವಾಗಿದೆ. ಮಿಶ್ರ ಮಾಧ್ಯಮಕ್ಕೆ ಹೂವು ಹೊಂದುವುದು ಈ ಕಾರಣದಿಂದಲೇ.

ಗಿಡಗಳನ್ನು ನೋಡಿ ಬರೆಯುವ ಪದ್ಧತಿಗೆ ನಮ್ಮ ನಾಡಿನಲ್ಲಿ ಹಿನ್ನೆಲೆಯಿದೆ. 1840ರ ದಶಕದಲ್ಲಿ ಶಿವಮೊಗ್ಗೆಯಲ್ಲಿ ವೈದ್ಯರಾಗಿದ್ದ ಹ್ಯೂ ಕ್ಲೆಗಾರ್ನ್ ಅವರು ಭಾರತೀಯ ಚಿತ್ರಕಾರರೊಬ್ಬರಿಂದ ಸುತ್ತಮುತ್ತಲ ಸಸ್ಯಗಳ ಚಿತ್ರಗಳನ್ನು ದಿನಕ್ಕೊಂದರಂತೆ ಬರೆಸಿದರು. ಅವರು ಸಂಗ್ರಹಿಸಿದ ಚಿತ್ರಗಳು ಇಂದಿಗೂ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿ ಸುರಕ್ಷಿತವಾಗಿವೆ. ಹಲವು ಸಾಮಗ್ರಿಗಳನ್ನು ಒಂದೇ ಚಿತ್ರದಲ್ಲಿ ಸೇರಿಸುವುದೂ ಹೊಸದಲ್ಲ. ಮೈಸೂರು ಸಾಂಪ್ರದಾಯಿಕ ಚಿತ್ರಗಳಲ್ಲಿ ಬಣ್ಣದೊಂದಿಗೆ ಉಬ್ಬು ಕೆಲಸ ಮತ್ತು ಚಿನ್ನದ ರೇಕು ಇರುತ್ತವೆ. ಮಲೆನಾಡಿನ ದೀವರ ಮನೆಗಳ ಹಸೆ ಚಿತ್ತಾರದಲ್ಲಿ ಮಹಿಳೆಯರು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ, ಪುಂಡಿ ನಾರಿನ ಕುಂಚ ಬಳಸಿ ಗೆರೆ ಎಳೆಯುತ್ತಾರೆ.

ಹೂವುಗಳ ಆಯ್ಕೆ

ಈ ಕೆಳಕಂಡ ಹೂವುಗಳು ಪ್ರಾಥಮಿಕ ತರಗತಿಗಳಿಗೆ ಸೂಕ್ತವಾಗಿವೆ.

ದಾಸವಾಳ: ಒಂಟಿ ಸುತ್ತಿನ ದಾಸವಾಳದಲ್ಲಿ ಐದು ಎಸಳುಗಳಿದ್ದು, ಒಂದರ ಅಂಚು ಮತ್ತೊಂದರ ಮೇಲೆ ಬಂದಿರುತ್ತದೆ. ನಡುವಿನ ಉದ್ದನೆಯ ಕೊಳವೆಯಂತಹ ಭಾಗದ ಸುತ್ತ ಕೇಸರಗಳೂ, ತುದಿಯಲ್ಲಿ ಐದು ಸಣ್ಣ ಗುಂಡುಗಳೂ ಇರುತ್ತವೆ. ದೊಡ್ಡ ಹೂವಾದುದರಿಂದ 1 ಮತ್ತು 2ನೇ ತರಗತಿಯ ಮಕ್ಕಳಿಗೂ ಸುಲಭ. ಬೆಳಿಗ್ಗೆ ಅರಳಿ ಸಂಜೆಗೆ ಮುದುಡುವುದರಿಂದ ಮೊದಲ ಅವಧಿಗಳಲ್ಲಿಯೇ ಬಳಸುವುದು ಒಳ್ಳೆಯದು.

ಚೆಂಡುಹೂವು ಮತ್ತು ಸೇವಂತಿಗೆ: ಇವುಗಳಲ್ಲಿ ಒಂದು ಹೂವೆಂದು ಕಾಣುವುದು ವಾಸ್ತವವಾಗಿ ಅನೇಕ ಕಿರುಹೂವುಗಳ ಗುಚ್ಛ. ಎಸಳೆಂದು ಕರೆಯುವ ಪ್ರತಿಯೊಂದು ಭಾಗವೂ ಒಂದು ಕಿರುಹೂವು. ಬಿಡಿಸಿ ನೋಡಿದಾಗ ಮಕ್ಕಳಿಗೆ ಇದು ತಿಳಿಯುತ್ತದೆ. ಬೇಗ ಬಾಡದಿರುವುದರಿಂದ ಎರಡು ಮೂರು ದಿನಗಳ ಚಟುವಟಿಕೆಗೆ ಅನುಕೂಲ.

ಶಂಖಪುಷ್ಪ: ಒಂದೇ ದೊಡ್ಡ ಎಸಳು ಎದ್ದು ಕಾಣುವ, ಎಡಬಲ ಸಮವಾಗಿರುವ ಹೂವು. ಐದು ದುಂಡು ಎಸಳಿನ ರೂಢಿಯನ್ನು ಬಿಡಿಸಲು ಅತ್ಯಂತ ಉಪಯುಕ್ತ.

ಕುಂಬಳದ ಹೂವು: ಗಂಟೆಯ ಆಕಾರದ ದೊಡ್ಡ ಹಳದಿ ಹೂವು. ಗಂಡು ಹೂವು ಮತ್ತು ಹೆಣ್ಣು ಹೂವು ಬೇರೆ ಬೇರೆಯಾಗಿರುತ್ತವೆ. ಹೆಣ್ಣು ಹೂವಿನ ಕೆಳಗೆ ಪುಟ್ಟ ಕಾಯಿಯನ್ನು ಕಾಣಬಹುದು.

ತುಂಬೆ: ಅತಿ ಸಣ್ಣ ಬಿಳಿ ಹೂವು. ಬಿಳಿ ಹಾಳೆಯ ಮೇಲೆ ಬಿಳಿ ಹೂವನ್ನು ತೋರಿಸುವುದು ಹೇಗೆಂಬ ಪ್ರಶ್ನೆಯನ್ನು 4 ಮತ್ತು 5ನೇ ತರಗತಿಯ ಮಕ್ಕಳ ಮುಂದಿಡಲು ಸೂಕ್ತ.

ಕಣಗಿಲೆ, ಉಮ್ಮತ್ತಿ ಮತ್ತು ಎಕ್ಕದ ಹೂವುಗಳನ್ನು ತರಗತಿಗೆ ತರಬಾರದು. ಕಣಗಿಲೆ ಮತ್ತು ಉಮ್ಮತ್ತಿ ಗಿಡಗಳ ಎಲ್ಲ ಭಾಗಗಳೂ ವಿಷಯುಕ್ತವಾಗಿವೆ. ಎಕ್ಕದ ಹಾಲು ಕಣ್ಣಿಗೆ ತಗಲಿದಲ್ಲಿ ತೀವ್ರ ಹಾನಿಯಾಗುತ್ತದೆ.

ಅಗತ್ಯ ಸಾಮಗ್ರಿಗಳು

40 ಮಕ್ಕಳಿರುವ ಒಂದು ತರಗತಿಯನ್ನು ತಲಾ 4 ಮಕ್ಕಳ 10 ಗುಂಪುಗಳಾಗಿ ವಿಂಗಡಿಸಿದಲ್ಲಿ, ಬೇಕಾಗುವ ಸಾಮಗ್ರಿಗಳು ಈ ಕೆಳಕಂಡಂತಿವೆ.

1. ಡ್ರಾಯಿಂಗ್ ಹಾಳೆ: 10. ಒಂದು ಪೂರ್ಣ ಹಾಳೆಯನ್ನು ಮೂರು ಬಾರಿ ಅರ್ಧಕ್ಕೆ ಮಡಿಸಿ ಕತ್ತರಿಸಿದರೆ 8 ತುಂಡುಗಳಾಗುತ್ತವೆ. 10 ಹಾಳೆಗಳಿಂದ 80 ತುಂಡುಗಳು ದೊರೆತು, ಪ್ರತಿ ಮಗುವಿಗೆ ಎರಡು ಅವಕಾಶಗಳು ಲಭ್ಯವಾಗುತ್ತವೆ.
2. ಮೇಣದ ಬಣ್ಣದ ಕಡ್ಡಿಗಳು, ಅಂದರೆ ಕ್ರೆಯಾನ್: 10 ಪೆಟ್ಟಿಗೆ.
3. ನೀರುಬಣ್ಣದ ಬಿಲ್ಲೆಗಳು: 10 ಪೆಟ್ಟಿಗೆ.
4. ದುಂಡು ತುದಿಯ ಕುಂಚ: 20.
5. ಬಿಳಿ ಮೇಣದ ಬತ್ತಿ: 5. ಪ್ರತಿಯೊಂದನ್ನು ನಾಲ್ಕು ತುಂಡು ಮಾಡಿ ಬಳಸುವುದು.
6. ನೀರಿಗಾಗಿ ತೆಂಗಿನ ಚಿಪ್ಪು ಅಥವಾ ಹಳೆಯ ಲೋಟ: ಗುಂಪಿಗೆ 2. ಒಂದು ಕುಂಚ ತೊಳೆಯಲು, ಇನ್ನೊಂದು ಶುದ್ಧ ನೀರಿಗೆ.
7. ಹಳೆಯ ಆಮಂತ್ರಣ ಪತ್ರಿಕೆ, ವೃತ್ತಪತ್ರಿಕೆ, ದರ್ಜಿ ಅಂಗಡಿಯಲ್ಲಿ ಉಳಿದ ಬಟ್ಟೆಯ ಚೂರುಗಳು.
8. ಮೈದಾ ಹಿಟ್ಟಿನಿಂದ ಕಾಯಿಸಿದ ಅಂಟು. ಇದನ್ನು ಹಿರಿಯರೇ ತಯಾರಿಸತಕ್ಕದ್ದು.
9. ಕುಂಚ ಒರೆಸಲು ಹಳೆಯ ಹತ್ತಿ ಬಟ್ಟೆ.

ವೆಚ್ಚ ಉಳಿಸುವ ಉದ್ದೇಶದಿಂದ ನೋಟ್ ಪುಸ್ತಕದ ತೆಳು ಹಾಳೆಯನ್ನು ಬಳಸುವುದು ಸೂಕ್ತವಲ್ಲ. ನೀರು ಬಿದ್ದೊಡನೆ ಅದು ಸುಕ್ಕುಗಟ್ಟಿ, ಕುಂಚದ ಉಜ್ಜಾಟಕ್ಕೆ ಹರಿಯುತ್ತದೆ. ಹಾಳೆ ಹರಿದಾಗ ಮಗುವು ಅದನ್ನು ಹಾಳೆಯ ದೋಷವೆಂದು ತಿಳಿಯದೆ ತನ್ನ ದೋಷವೆಂದೇ ತಿಳಿಯುತ್ತದೆ. ಉಳಿತಾಯ ಮಾಡಬೇಕಾದಲ್ಲಿ ಬಣ್ಣಗಳ ಸಂಖ್ಯೆಯಲ್ಲಿ ಮಾಡಬಹುದು. ಹಾಳೆಯ ಗುಣಮಟ್ಟದಲ್ಲಿ ಮಾಡಬಾರದು.

ಮೇಲ್ಕಂಡವುಗಳಲ್ಲಿ ಹಾಳೆ ಮತ್ತು ಬಣ್ಣಗಳು ಬಳಕೆಯಿಂದ ಮುಗಿಯುವ ಸಾಮಗ್ರಿಗಳು. ಖಾಲಿಯಾಗುವುದೆಂಬ ಭಯದಿಂದ ಅವುಗಳನ್ನು ಬೀರುವಿನಲ್ಲಿಯೇ ಇರಿಸಿದರೆ ನೀರುಬಣ್ಣದ ಬಿಲ್ಲೆಗಳು ಒಣಗಿ ಬಿರಿಯುತ್ತವೆ. ವರ್ಷಾಂತ್ಯದಲ್ಲಿ ದಾಸ್ತಾನು ವಹಿಯಲ್ಲಿ ಬಣ್ಣದ ಪೆಟ್ಟಿಗೆಗಳು ಪೂರ್ಣವಾಗಿ ಉಳಿದಿದ್ದರೆ ಅದು ಉಳಿತಾಯವಲ್ಲ. ಆ ವರ್ಷದ ಮಕ್ಕಳಿಗೆ ದೊರೆಯಬೇಕಾಗಿದ್ದ ಕಲಿಕೆ ದೊರೆತಿಲ್ಲವೆಂದೇ ಅದರ ಅರ್ಥ.

ಚಟುವಟಿಕೆಯ ಹಂತಗಳು

ಈ ಚಟುವಟಿಕೆಯನ್ನು ತಲಾ 40 ನಿಮಿಷಗಳ ನಾಲ್ಕು ಅವಧಿಗಳಲ್ಲಿ ಕೈಗೊಳ್ಳಬಹುದಾಗಿದೆ.

ಮೊದಲನೆಯ ಅವಧಿ: ನೋಡುವುದು

ಪ್ರತಿ ಗುಂಪಿಗೆ ಒಂದೆರಡು ಹೂವುಗಳನ್ನು ನೀಡಬೇಕು. ಮೊದಲ 10 ನಿಮಿಷ ಪೆನ್ಸಿಲ್ ಹಿಡಿಯುವಂತಿಲ್ಲ. ಎಸಳುಗಳೆಷ್ಟು? ಯಾವ ಎಸಳು ಮೇಲೆ, ಯಾವುದು ಕೆಳಗೆ? ಅಂಚು ನುಣುಪೋ, ಗರಗಸದಂತೆಯೋ? ಬುಡದ ಬಣ್ಣವೂ ತುದಿಯ ಬಣ್ಣವೂ ಒಂದೆಯೇ? ಹಿಂಬದಿಯಿಂದ ನೋಡಿದರೆ ಏನು ಕಾಣುತ್ತದೆ? ಇಂತಹ ಪ್ರಶ್ನೆಗಳನ್ನು ಶಿಕ್ಷಕರು ಕೇಳಬೇಕು. ಉತ್ತರವನ್ನು ತಾವೇ ಹೇಳಬಾರದು. ಮಕ್ಕಳು ತಮ್ಮ ಮನೆಮಾತಿನಲ್ಲಿ ಹೇಳುವ ಬಣ್ಣದ ಹೆಸರುಗಳನ್ನು ಕಪ್ಪುಹಲಗೆಯ ಮೇಲೆ ಬರೆಯಬಹುದು. ಕಪ್ಪುಹಲಗೆಯ ಮೇಲೆ ಹೂವಿನ ಚಿತ್ರವನ್ನು ಮಾತ್ರ ಬರೆಯಕೂಡದು. ಬರೆದಲ್ಲಿ 40 ಮಕ್ಕಳೂ ಕೈಯಲ್ಲಿರುವ ಹೂವನ್ನು ಬಿಟ್ಟು ಹಲಗೆಯ ಹೂವನ್ನೇ ನೋಡುತ್ತಾರೆ.

ಎರಡನೆಯ ಅವಧಿ: ಗೆರೆ

ಹೂವನ್ನು ದೊಡ್ಡದಾಗಿ, ಹಾಳೆಯ ಕನಿಷ್ಠ ಮೂರು ಅಂಚುಗಳನ್ನು ಮುಟ್ಟುವಂತೆ ಬರೆಯಲು ತಿಳಿಸಬೇಕು. ಹಾಳೆಯ ಮೂಲೆಯಲ್ಲಿ ಚಿಕ್ಕದಾಗಿ ಬರೆಯುವ ರೂಢಿಯನ್ನು ಬಿಡಿಸಲು ಈ ಒಂದು ನಿಯಮ ಸಾಕಾಗುತ್ತದೆ. ಪೆನ್ಸಿಲ್ಲನ್ನು ಹಗುರವಾಗಿ ಹಿಡಿದು, ಹೂವಿನ ಅಂಚಿನ ಮೇಲೆ ಕಣ್ಣು ನಿಧಾನವಾಗಿ ಚಲಿಸಿದಂತೆ ಕೈಯೂ ಚಲಿಸಬೇಕು. ಈ ಅವಧಿಯಲ್ಲಿ ರಬ್ಬರ್ ಬಳಸದಿರುವುದು ಉತ್ತಮ. ರಬ್ಬರ್ ಇದ್ದಲ್ಲಿ ಮಗುವಿನ ಗಮನವೆಲ್ಲ ಅಳಿಸುವುದರಲ್ಲಿ ಕಳೆಯುತ್ತದೆ. ಗೆರೆ ತಪ್ಪಿದೆಯೆಂದು ಅನಿಸಿದರೆ ಪಕ್ಕದಲ್ಲಿ ಮತ್ತೊಂದು ಗೆರೆ ಎಳೆಯಬಹುದು. ಮುಂದಿನ ಹಂತದ ಬಣ್ಣದಲ್ಲಿ ಹೆಚ್ಚುವರಿ ಗೆರೆಗಳು ಬಹಳಷ್ಟು ಮರೆಯಾಗುತ್ತವೆ.

ಮೂರನೆಯ ಅವಧಿ: ಮೇಣ ಮತ್ತು ನೀರು

ಇದು ಈ ಚಟುವಟಿಕೆಯ ಮುಖ್ಯ ಹಂತ. ಎಸಳಿನ ನರಗಳು, ಅಂಚು, ಪರಾಗದ ಚುಕ್ಕೆಗಳನ್ನು ಮೇಣದ ಬಣ್ಣದಿಂದ ಒತ್ತಿ ಬರೆಯಬೇಕು. ಬಿಳಿಯಾಗಿ ಉಳಿಯಬೇಕಾದ ಕಡೆ ಮೇಣದ ಬತ್ತಿಯ ತುಂಡಿನಿಂದ ಗೆರೆ ಎಳೆಯಬೇಕು. ನಂತರ ಅದರ ಮೇಲೆ ನೀರುಬಣ್ಣವನ್ನು ತೆಳುವಾಗಿ ಹಚ್ಚಬೇಕು. ಮೇಣಕ್ಕೂ ನೀರಿಗೂ ಹೊಂದುವುದಿಲ್ಲವಾದುದರಿಂದ ಮೇಣವಿದ್ದಲ್ಲಿ ನೀರು ಜಾರಿ ಹನಿಗಟ್ಟುತ್ತದೆ; ಮೇಣವಿಲ್ಲದಲ್ಲಿ ಹಾಳೆಯು ಬಣ್ಣವನ್ನು ಹೀರಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಮೇಣದ ಬತ್ತಿಯ ಗೆರೆಯು ಬಣ್ಣ ಹಚ್ಚಿದೊಡನೆ ಬಿಳಿಯಾಗಿ ಹೊರಹೊಮ್ಮುತ್ತದೆ. ತುಂಬೆಯಂತಹ ಬಿಳಿ ಹೂವಿನ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ದೊರೆಯುತ್ತದೆ. ಹೂವನ್ನು ಮೇಣದಿಂದ ತುಂಬಿ ಹಿನ್ನೆಲೆಗೆ ಬಣ್ಣ ಹಚ್ಚಿದರೆ ಬಿಳಿ ಹೂವು ತಾನಾಗಿ ಕಾಣುತ್ತದೆ.

ಈ ಕ್ರಮವನ್ನು ಹಿಂದುಮುಂದು ಮಾಡಬಾರದು. ಒದ್ದೆ ಹಾಳೆಯ ಮೇಲೆ ಮೇಣವು ಹತ್ತುವುದಿಲ್ಲ. ಒತ್ತಿದರೆ ಹಾಳೆ ಹರಿಯುತ್ತದೆ.

ಬಣ್ಣಗಳ ಪೈಕಿ ಹಳದಿ, ಕೆಂಪು ಮತ್ತು ನೀಲಿ ಮೂರನ್ನೇ ಮೊದಲು ಬಳಸಲು ನೀಡಬೇಕು. ಪೆಟ್ಟಿಗೆಯಲ್ಲಿರುವ ಸಿದ್ಧ ಹಸಿರನ್ನು ಬಳಸಿದರೆ ಎಲ್ಲ ಎಲೆಗಳೂ ಒಂದೇ ಹಸಿರಾಗುತ್ತವೆ. ಹಳದಿಗೆ ನೀಲಿಯನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿದಾಗ ಚಿಗುರಿನ ಹಸಿರು, ಬಲಿತ ಎಲೆಯ ಹಸಿರು ಇವೆರಡರ ಅಂತರ ಮಗುವಿಗೆ ಕೈಯಿಂದಲೇ ತಿಳಿಯುತ್ತದೆ. ಮೂರೂ ಬಣ್ಣಗಳು ಒಟ್ಟಿಗೆ ಸೇರಿದರೆ ಕೆಸರಿನ ಬಣ್ಣವಾಗುತ್ತದೆ. ಕಿತ್ತಳೆಯತ್ತ ವಾಲುವ ಕೆಂಪನ್ನು ನೀಲಿಗೆ ಬೆರೆಸಿದಾಗ ನೇರಳೆ ಮಂಕಾಗುವುದೂ ಇದೇ ಕಾರಣದಿಂದ. ಅಂತಹ ಕೆಂಪಿನಲ್ಲಿ ಹಳದಿಯ ಅಂಶ ಇರುತ್ತದೆ. ಆದುದರಿಂದ ಶಂಖಪುಷ್ಪಕ್ಕೆ ಗುಲಾಬಿಯತ್ತ ವಾಲುವ ಕೆಂಪು ಹೆಚ್ಚು ಸೂಕ್ತ.

ನಾಲ್ಕನೆಯ ಅವಧಿ: ಅಂಟಿಸುವುದು ಮತ್ತು ಪೂರ್ಣಗೊಳಿಸುವುದು

ಹಾಳೆ ಸಂಪೂರ್ಣವಾಗಿ ಒಣಗಿದ ನಂತರವೇ ಕಾಗದ ಅಥವಾ ಬಟ್ಟೆಯ ಚೂರುಗಳನ್ನು ಅಂಟಿಸಬೇಕು. ಎಲೆಗೆ ವೃತ್ತಪತ್ರಿಕೆಯ ಚೂರು, ಹೂವಿನ ನಡುಭಾಗಕ್ಕೆ ಆಮಂತ್ರಣ ಪತ್ರಿಕೆಯ ದಪ್ಪ ಕಾಗದ, ಕಾಂಡಕ್ಕೆ ನೂಲು ಹೀಗೆ ಮಗುವೇ ಆರಿಸಿಕೊಳ್ಳಬೇಕು. “ಈ ಚೂರನ್ನು ಇಲ್ಲಿ ಏಕೆ ಅಂಟಿಸಲಾಯಿತು?” ಎಂಬ ಪ್ರಶ್ನೆಗೆ ಮಗುವಿನ ಬಳಿ ಉತ್ತರವಿದ್ದಲ್ಲಿ ಆಯ್ಕೆ ಸರಿಯಾಗಿದೆಯೆಂದು ತಿಳಿಯಬಹುದು. ಅಂಟಿಸಲು ಚೂರುಗಳಿವೆಯೆಂಬ ಕಾರಣಕ್ಕೆ ಚಿತ್ರವನ್ನೆಲ್ಲ ಮುಚ್ಚುವ ಅಗತ್ಯವಿಲ್ಲ. ಕೊನೆಯಲ್ಲಿ ಹೂವನ್ನು ಮತ್ತೊಮ್ಮೆ ನೋಡಿ, ಅಗತ್ಯವಿರುವ ಎರಡು ಮೂರು ಕಡೆ ಮಾತ್ರ ಇದ್ದಿಲು ಅಥವಾ ಪೆನ್ನಿನಿಂದ ಗೆರೆಯನ್ನು ಗಾಢಗೊಳಿಸಬಹುದು.

ಮನೆಯಲ್ಲಿ ಮತ್ತು ಊರಿನಲ್ಲಿ ದೊರೆಯುವ ಬಣ್ಣಗಳು

ಅಂಗಡಿಯ ಬಣ್ಣ ದೊರೆಯದ ಸ್ಥಳಗಳಲ್ಲಿ ಅರಿಶಿನ, ಜರಡಿ ಹಿಡಿದ ಕೆಮ್ಮಣ್ಣು ಮತ್ತು ಇದ್ದಿಲಿನ ಪುಡಿಯನ್ನು ನೀರಿನಲ್ಲಿ ಕಲಸಿ, ಸ್ವಲ್ಪ ಗೋಂದು ಸೇರಿಸಿ ಬಳಸಬಹುದು. ಗೋಂದು ಸೇರಿಸದಿದ್ದಲ್ಲಿ ಒಣಗಿದ ನಂತರ ಪುಡಿ ಉದುರುತ್ತದೆ. ಕೆಮ್ಮಣ್ಣು ಮತ್ತು ಇದ್ದಿಲಿನ ಬಣ್ಣ ಬಹುಕಾಲ ಉಳಿಯುತ್ತದೆ. ಅರಿಶಿನ ಹಾಗೂ ಬೀಟ್‌ರೂಟ್ ಬಣ್ಣಗಳು ಬಿಸಿಲಿಗೆ ಬೇಗ ಮಾಸುತ್ತವೆ. ಅಂತಹ ಚಿತ್ರಗಳನ್ನು ಕಿಟಕಿಯ ಬಳಿ ತೂಗುಹಾಕಬಾರದು.

ಶಂಖಪುಷ್ಪದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿದರೆ ನೀಲಿ ನೀರು ದೊರೆಯುತ್ತದೆ. ಅದಕ್ಕೆ ನಿಂಬೆರಸ ಸೇರಿಸಿದರೆ ನೇರಳೆ ಮಿಶ್ರಿತ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅರಿಶಿನದ ನೀರಿಗೆ ಅಡುಗೆ ಸೋಡಾ ಸೇರಿಸಿದರೆ ಕೆಂಪಾಗುತ್ತದೆ. ಹುಳಿ ಪದಾರ್ಥ ಮತ್ತು ಕ್ಷಾರಗಳ ಗುಣವನ್ನು ಮುಂದಿನ ತರಗತಿಗಳಲ್ಲಿ ವಿಜ್ಞಾನ ಪಾಠವಾಗಿ ಕಲಿಯುವ ಮಕ್ಕಳಿಗೆ ಇದು ಉತ್ತಮ ಪೂರ್ವಸಿದ್ಧತೆ. ಸುಣ್ಣವನ್ನು ಮಾತ್ರ ಮಕ್ಕಳ ಕೈಗೆ ನೀಡಬಾರದು. ಅದು ಚರ್ಮ ಮತ್ತು ಕಣ್ಣನ್ನು ಸುಡುತ್ತದೆ.

ಬೆಳೆಯುವ ಕೌಶಲಗಳು

ಈ ಚಟುವಟಿಕೆಯಿಂದ ಮಗುವಿನಲ್ಲಿ ಕೈ ಮತ್ತು ಕಣ್ಣಿನ ಹೊಂದಾಣಿಕೆ, ಕುಂಚದ ಹಿಡಿತ, ನೀರಿನ ಪ್ರಮಾಣದ ಅರಿವು, ಬಣ್ಣ ಬೆರೆಸುವ ತಿಳಿವಳಿಕೆ ಹಾಗೂ ಕೆಲಸವನ್ನು ಹಂತ ಹಂತವಾಗಿ ಯೋಜಿಸುವ ಅಭ್ಯಾಸ ಬೆಳೆಯುತ್ತವೆ. ಹಾಳೆ ಒಣಗುವವರೆಗೆ ಕಾಯುವುದು ಸಹ ಒಂದು ಕಲಿಕೆ. ಎಸಳುಗಳ ಎಣಿಕೆ ಮತ್ತು ಸಮಮಿತಿಯು ಗಣಿತಕ್ಕೂ, ಹೂವಿನ ಭಾಗಗಳು ಪರಿಸರ ಅಧ್ಯಯನಕ್ಕೂ, ಬಣ್ಣಗಳ ವರ್ಣನೆಯು ಭಾಷಾ ಕಲಿಕೆಗೂ ನೆರವಾಗುತ್ತವೆ. ಆದರೆ ಇತರ ವಿಷಯಗಳಿಗೆ ಉಪಯೋಗವಾಗುತ್ತದೆಂಬ ಕಾರಣಕ್ಕಾಗಿ ಮಾತ್ರ ಚಿತ್ರಕಲೆಯನ್ನು ನಡೆಸಬೇಕೆಂದಲ್ಲ. ಒಂದು ವಸ್ತುವನ್ನು ತಾಳ್ಮೆಯಿಂದ ನೋಡಿ, ಕಂಡದ್ದನ್ನು ತನ್ನ ಕೈಯಿಂದ ಹೇಳುವುದೇ ಸ್ವತಃ ಒಂದು ವಿದ್ಯೆ.

ವಿಶೇಷ ಅಗತ್ಯವುಳ್ಳ ಮಕ್ಕಳು

ಮಿಶ್ರ ಮಾಧ್ಯಮದಲ್ಲಿ ಎಲ್ಲ ಮಕ್ಕಳಿಗೂ ಅವಕಾಶವಿದೆ. ದೃಷ್ಟಿ ದೋಷವುಳ್ಳ ಮಕ್ಕಳು ಹೂವನ್ನು ಮುಟ್ಟಿ, ಮೂಸಿ ಗುರುತಿಸಿ, ನೂಲು ಹಾಗೂ ಬಟ್ಟೆಯನ್ನು ಅಂಟಿಸಿ ಉಬ್ಬು ಚಿತ್ರ ರಚಿಸಬಹುದು. ಕುಂಚ ಹಿಡಿಯಲು ಕಷ್ಟಪಡುವ ಮಗುವಿಗೆ ಕುಂಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಡಬಹುದು. ಕೆಂಪು ಮತ್ತು ಹಸಿರಿನ ವ್ಯತ್ಯಾಸ ಗುರುತಿಸಲಾಗದ ಮಕ್ಕಳೂ ತರಗತಿಯಲ್ಲಿ ಇರಬಹುದು. ಈ ಲಕ್ಷಣ ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹೆಚ್ಚು. ಎಲೆಗೆ ಕಂದು ಬಣ್ಣ ಹಚ್ಚಿದ ಮಗುವನ್ನು ಗದರಿಸುವ ಮೊದಲು ಈ ಸಾಧ್ಯತೆಯನ್ನು ಪರಿಶೀಲಿಸುವುದು ಅಗತ್ಯ. ಬಣ್ಣದ ಕಡ್ಡಿಗಳ ಮೇಲೆ ಹೆಸರು ಬರೆದ ಚೀಟಿ ಅಂಟಿಸಿದರೆ ಅನುಕೂಲವಾಗುತ್ತದೆ.

ಮೌಲ್ಯಮಾಪನ ಮತ್ತು ಪ್ರದರ್ಶನ

ಚಿತ್ರದ ಅಂದವನ್ನು ಆಧರಿಸಿ ಅಂಕ ನೀಡುವುದಕ್ಕಿಂತ ಮಗುವಿನ ಮೊದಲ ಹಾಳೆಯನ್ನೂ ಎರಡನೆಯ ಹಾಳೆಯನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಸೂಕ್ತ. ಮೊದಲನೆಯದರಲ್ಲಿ ಇಲ್ಲದ ಯಾವ ವಿವರ ಎರಡನೆಯದರಲ್ಲಿ ಬಂದಿದೆ ಎಂಬುದೇ ಪ್ರಗತಿಯ ಅಳತೆ. ಹಾಳೆಯ ಹಿಂಬದಿಯಲ್ಲಿ ದಿನಾಂಕ, ಹೂವಿನ ಹೆಸರು ಹಾಗೂ ಮಗುವೇ ಹೇಳಿದ ಒಂದು ವಾಕ್ಯವನ್ನು ಬರೆದಿಡಬೇಕು.

ಶಿಕ್ಷಕರು ಮಗುವಿನ ಹಾಳೆಯ ಮೇಲೆ ತಮ್ಮ ಕೈಯಿಂದ ತಿದ್ದಬಾರದು. ತಿದ್ದಿದ ಹಾಳೆ ಸುಂದರವಾಗಿ ಕಾಣಬಹುದು. ಆದರೆ ಅದು ತನ್ನದಲ್ಲವೆಂಬುದು ಮಗುವಿಗೆ ತಿಳಿದಿರುತ್ತದೆ. ಹಾಗೆಯೇ ಗೋಡೆಯ ಮೇಲೆ ಮೂರು ಉತ್ತಮ ಚಿತ್ರಗಳನ್ನು ಮಾತ್ರ ತೂಗುಹಾಕಿದರೆ ಉಳಿದ 37 ಮಕ್ಕಳಿಗೆ ಯಾವ ಸಂದೇಶ ತಲುಪುತ್ತದೆಂಬುದನ್ನು ಆಲೋಚಿಸಬೇಕು. ಪ್ರತಿಭಾ ಕಾರಂಜಿಯಂತಹ ಸ್ಪರ್ಧೆಗಳಲ್ಲಿ ಆಯ್ಕೆ ಅನಿವಾರ್ಯ. ತರಗತಿಯ ಗೋಡೆಯ ಮೇಲೆ ಅದರ ಅಗತ್ಯವಿಲ್ಲ. ಎಲ್ಲ 40 ಚಿತ್ರಗಳನ್ನೂ ಹೆಸರಿನೊಂದಿಗೆ ಮಗುವಿನ ಕಣ್ಣಿನ ಎತ್ತರಕ್ಕೆ ಪ್ರದರ್ಶಿಸತಕ್ಕದ್ದು.

ಮುನ್ನೆಚ್ಚರಿಕೆಗಳು

1. ಹೂವನ್ನಾಗಲಿ, ಬಣ್ಣವನ್ನಾಗಲಿ ಬಾಯಿಗೆ ಹಾಕದಂತೆ ಹಾಗೂ ಕುಂಚದ ತುದಿಯನ್ನು ಬಾಯಿಯಲ್ಲಿ ಚೂಪು ಮಾಡದಂತೆ ಮಕ್ಕಳಿಗೆ ತಿಳಿಸಬೇಕು.
2. ಪರಾಗದಿಂದ ಸೀನು, ಕಣ್ಣುರಿ ಅಥವಾ ಉಬ್ಬಸ ಉಂಟಾಗುವ ಮಕ್ಕಳ ಬಗ್ಗೆ ಪೋಷಕರಿಂದ ಮುಂಚಿತವಾಗಿ ತಿಳಿದುಕೊಳ್ಳಬೇಕು.
3. ಹೂವುಗಳನ್ನು ಸಾಧ್ಯವಾದಷ್ಟು ಉದುರಿದವುಗಳಿಂದಲೇ ಆರಿಸಬೇಕು. ಇತರರ ಹಿತ್ತಲಿನಿಂದ ಅನುಮತಿಯಿಲ್ಲದೆ ಕೀಳಬಾರದು.
4. ಹೂವಿನೊಳಗೆ ಇರುವೆ ಅಥವಾ ಜೇನುನೊಣ ಇಲ್ಲವೆಂಬುದನ್ನು ಖಚಿತಪಡಿಸಿಕೊಂಡು ವಿತರಿಸಬೇಕು.
5. 1 ಮತ್ತು 2ನೇ ತರಗತಿಯ ಮಕ್ಕಳು ಕಾಗದವನ್ನು ಕತ್ತರಿಯ ಬದಲು ಕೈಯಿಂದ ಹರಿದು ಬಳಸುವುದು ಸುರಕ್ಷಿತ.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಚಿತ್ರ ಬರೆಯಲು ಬಾರದ ಶಿಕ್ಷಕರು ಇದನ್ನು ನಡೆಸಬಹುದೇ?
ಉತ್ತರ: ನಡೆಸಬಹುದು. ಶಿಕ್ಷಕರು ಇಲ್ಲಿ ಚಿತ್ರ ಬರೆದು ತೋರಿಸಬೇಕಾಗಿಲ್ಲ. ಹೂವನ್ನು ಒದಗಿಸುವುದು, ಪ್ರಶ್ನೆ ಕೇಳುವುದು, ಹಂತಗಳ ಕ್ರಮವನ್ನು ಕಾಪಾಡುವುದು ಇಷ್ಟೇ ಅವರ ಪಾತ್ರ.

ಪ್ರಶ್ನೆ: ನಾಲ್ಕು ಅವಧಿಗಳನ್ನು ಒಂದೇ ದಿನ ತೆಗೆದುಕೊಳ್ಳಬಹುದೇ?
ಉತ್ತರ: ಹಾಳೆ ಒಣಗಲು ಸಮಯ ಬೇಕಾಗುವುದರಿಂದ ಮೂರನೆಯ ಮತ್ತು ನಾಲ್ಕನೆಯ ಅವಧಿಗಳನ್ನು ಬೇರೆ ಬೇರೆ ದಿನ ಇಟ್ಟುಕೊಳ್ಳುವುದು ಒಳ್ಳೆಯದು. ಮಳೆಗಾಲದಲ್ಲಿ ಒಂದು ದಿನ ಹೆಚ್ಚಾಗಿ ಬಿಡಬೇಕಾಗಬಹುದು.

ಪ್ರಶ್ನೆ: ಮಗುವು ಕೆಂಪು ದಾಸವಾಳಕ್ಕೆ ನೀಲಿ ಬಣ್ಣ ಹಚ್ಚಿದರೆ ತಪ್ಪೆಂದು ಹೇಳಬೇಕೇ?
ಉತ್ತರ: ಹೇಳಬೇಕಾಗಿಲ್ಲ. ಕಾರಣವನ್ನು ಕೇಳಬಹುದು. ಹೂವನ್ನು ನೋಡಿಯೂ ಮಗುವು ಬೇರೆ ಬಣ್ಣವನ್ನು ಆರಿಸಿಕೊಂಡಿದ್ದರೆ ಅದು ಅದರ ಆಯ್ಕೆ. ನೋಡದೆಯೇ ಹಚ್ಚಿದ್ದರೆ ಮತ್ತೊಮ್ಮೆ ನೋಡಲು ತಿಳಿಸಬಹುದು.

ಪ್ರಶ್ನೆ: ಪೋಷಕರು ಮನೆಯಲ್ಲಿ ಏನು ಮಾಡಬಹುದು?
ಉತ್ತರ: ಹೂ ಕಟ್ಟುವಾಗ, ಪೂಜೆಗೆ ಹೂ ಬಿಡಿಸುವಾಗ ಮಗುವನ್ನು ಜೊತೆಯಲ್ಲಿ ಕೂರಿಸಿಕೊಂಡು ಹೂವುಗಳ ವ್ಯತ್ಯಾಸವನ್ನು ಕೇಳಬಹುದು. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನಾಚರಣೆಯ ಸಂದರ್ಭದಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಹೋಗುವವರು ಒಂದು ಚಿಕ್ಕ ಪುಸ್ತಕ ಮತ್ತು ಪೆನ್ಸಿಲ್ಲನ್ನು ಮಗುವಿನ ಕೈಗೆ ಕೊಡಬಹುದು. ಮಗುವಿನ ಚಿತ್ರವನ್ನು ಅಣ್ಣ ಅಥವಾ ಅಕ್ಕನ ಚಿತ್ರದೊಂದಿಗೆ ಹೋಲಿಸಿ ಮಾತನಾಡಬಾರದು.

ಉಪಸಂಹಾರ

ಮೇಲೆ ವಿವರಿಸಿದ ಚಟುವಟಿಕೆಗೆ 10 ಹಾಳೆ, 20 ಕುಂಚ, ಕೆಲವು ಬಣ್ಣದ ಪೆಟ್ಟಿಗೆಗಳು ಹಾಗೂ ವಾರದಲ್ಲಿ ಒಂದು ಅವಧಿಯಂತೆ ಒಂದು ತಿಂಗಳ ಕಾಲಾವಕಾಶ ಬೇಕಾಗುತ್ತದೆ. ಎಲ್ಲ ಮಕ್ಕಳೂ ಚಿತ್ರಕಾರರಾಗುವರೆಂಬ ನಿರೀಕ್ಷೆ ಇಲ್ಲಿಲ್ಲ. 5ನೇ ತರಗತಿಯನ್ನು ಮುಗಿಸುವ ವೇಳೆಗೆ “ನನಗೆ ಚಿತ್ರ ಬರುವುದಿಲ್ಲ” ಎಂಬ ತೀರ್ಮಾನಕ್ಕೆ ಯಾವ ಮಗುವೂ ಬಾರದಿರಲಿ ಎಂಬುದಷ್ಟೇ ಉದ್ದೇಶ. ಶಾಲೆಗಳು ತಮ್ಮ ಊರಿನ ಹೂವುಗಳು, ಋತುಮಾನ ಹಾಗೂ ಮಕ್ಕಳ ಸಂಖ್ಯೆಗೆ ಅನುಗುಣವಾಗಿ ಮೇಲ್ಕಂಡ ಕ್ರಮದಲ್ಲಿ ಸೂಕ್ತ ಬದಲಾವಣೆಗಳನ್ನು ಮಾಡಿಕೊಳ್ಳಬಹುದಾಗಿದೆ.